ಕಾಲಿಂಚು ಜಾಗ

“ನನ್ನ ಮೂಗಿಗೇ ಪಿನ್ನು ಹೊಡೀತೀರೇನ್ರೀ? ಮೂಗಿಗೆ?”

“ಮೂಗಿಗಲ್ಲ ಮೇಡಂ, ಪುಸ್ತಕಕ್ಕೆ ಹೊಡೀತೀನಿ. ಪುಸ್ತಕದ ಬೆನ್ನಿಗೆ. ಬೆನ್ನ ಮೇಲೆ ನಿಮ್ಮ ಮೂಗು ತಂದಿಟ್ಟಿದ್ದು ನಾನಲ್ಲ.”

“ಮತ್ತೆ ನಾನೇ ಬಂದು ಇಟ್ಟೆನಾ?”

“ಫೋಟೋದಲ್ಲಿ ನಟ್ಟನಡುವೆ ಕೂತವರು ಯಾರು? ನಾನಾ?”

ಒಳಗೆ ಮಷೀನ್ ಓಡಿಸುತ್ತಿದ್ದ ನಮ್ಮ ಯಜಮಾನರು ಸದ್ದು ಕೇಳಿ ಮಷೀನ್ ನಿಲ್ಲಿಸಿ ಇಣುಕಿದರು. ಜಗಳ ನನ್ನದು ಎಂದು ಗೊತ್ತಾದ ಕೂಡಲೇ ಮತ್ತೆ ಮಷೀನ್ ಹಾಕಿಕೊಂಡರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ಕಲಿತ ವಿದ್ಯೆ ಅದು.

ನನ್ನ ಎದುರು ನಿಂತಿದ್ದ ದೊಡ್ಡಮೇಡಂ ಎಂದರೆ ನಮ್ಮ ಪ್ರೆಸ್ಸಿನ ಹಿಂದಿನ ಬೀದಿಯ ಶಾಲೆಯ ಹೆಡ್‌ಮೇಡಂ. ಶಾಲೆಯ ಪತ್ರಿಕೆ ಪ್ರತಿವರ್ಷ ಅಚ್ಚಾಗುವುದು ನಮ್ಮಲ್ಲೇ. ಈ ಸಲ ಶಾಲೆಗೆ ಐವತ್ತು ತುಂಬಿತ್ತು. ಮುಖಪುಟಕ್ಕೂ ಹಿಂಪುಟಕ್ಕೂ ಸೇರಿಸಿ ಒಂದೇ ದೊಡ್ಡ ಫೋಟೋ, ಅದರಲ್ಲಿ ಇಡೀ ಶಾಲೆ, ನಾನೂರು ಮಕ್ಕಳು, ಹದಿನಾರು ಜನ ಮೇಷ್ಟ್ರು ಎಂದು ತೀರ್ಮಾನ ಮಾಡಿದ್ದರು. ಹಾಳೆಯನ್ನು ನಡುವೆ ಮಡಚಿದರೆ ಬಲ ಅರ್ಧ ಮುಖಪುಟ, ಎಡ ಅರ್ಧ ಹಿಂಪುಟ. ಮಡಿಕೆಯ ಮೇಲೆ ಎರಡು ಪಿನ್ನು. ಸರಿ, ಗ್ರೂಪ್ ಫೋಟೋದಲ್ಲಿ ಶಾಲೆಯ ಮುಖ್ಯಸ್ಥರು ಎಲ್ಲಿ ಕೂರುತ್ತಾರೆ? ಅಳತೆ ಹಿಡಿದ ಹಾಗೆ ನಡುವೆ. ಇದು ಯಾರ ತಲೆಗೂ ಹೊಳೆಯಲಿಲ್ಲ. ಪತ್ರಿಕೆಯ ಸಂಪಾದಕರಾದ ಡ್ರಾಯಿಂಗ್ ಮೇಷ್ಟ್ರಿಗೆ ಹೊಳೆಯಲಿಲ್ಲ, ಫೋಟೋ ತೆಗೆದ ನನ್ನ ಸೋದರಮಾವನ ಮಗನಿಗೆ ಹೊಳೆಯಲಿಲ್ಲ. ನನಗೂ ಇಲ್ಲ, ಯಾಕೆ ಸುಳ್ಳು ಹೇಳಲಿ. ಪುಸ್ತಕ ಹೇಗೆ ಬರುತ್ತದೆ ಎಂದು ತೋರಿಸಲು ಒಂದು ಡಮ್ಮಿ ಮಡಚಿದಾಗಲೇ ಕಂಡದ್ದು. ಒಂದು ಕಣ್ಣು, ಒಂದು ಮೂಗಿನ ಹೊಳ್ಳೆ, ಅರ್ಧ ನಗು ಮುಖಪುಟದಲ್ಲಿ. ಮಿಕ್ಕ ಮೇಡಂ ಹಿಂದೆ. ಮೇಲಿನ ಪಿನ್ನು ಮೂಗಿಗೆ, ಕೆಳಗಿನದು ಅವರ ಕಾಲ ಬಳಿ ಕೂತ ಒಂದನೇ ಕ್ಲಾಸಿನ ಮಗುವಿನ ನೆತ್ತಿಗೆ.

ಮೇಡಂ ಜೊತೆ ಬಂದಿದ್ದ ಡ್ರಾಯಿಂಗ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಕಲೆಯ ದೃಷ್ಟಿಯಿಂದ ನೋಡಿದ್ರೆ ಮೇಡಂ, ಅರ್ಧ ಮುಖ ಅನ್ನೋದು ಒಂಥರಾ…”

“ನಿಮ್ಮ ಮುಖ ಅರ್ಧ ಮಾಡಿ ಕೊಡ್ಲಾ?” ಎಂದರು ದೊಡ್ಡಮೇಡಂ.

ಮೇಷ್ಟ್ರು ಹೋಗಿ ಸ್ಟೂಲಿನ ಮೇಲೆ ಕೂತರು.

ಅಂದು ಬುಧವಾರ. ಶನಿವಾರ ಬೆಳಿಗ್ಗೆ ಪತ್ರಿಕೆ ಮಕ್ಕಳ ಕೈಯಲ್ಲಿ ಇರಬೇಕು. ಒಳಪುಟಗಳೆಲ್ಲ ಅಚ್ಚಾಗಿ, ಮಡಚಿ, ಕಟ್ಟುಕಟ್ಟಾಗಿ ಗೋಡೆಯ ಬದಿಗೆ ಕೂತಿದ್ದವು. ಹೊದಿಕೆ ಒಂದೇ ಬಾಕಿ. ಸಿಟ್ಟು ನುಂಗಿಕೊಂಡು ನಾನೇ ಒಂದು ದಾರಿ ಹೇಳಿದೆ. “ಫೋಟೋನ ಎರಡು ಬೆರಳು ಬಲಕ್ಕೆ ಸರಿಸ್ತೀನಿ ಮೇಡಂ. ನೀವು ಪೂರ್ತಿ ಮುಖಪುಟಕ್ಕೆ ಬರ್ತೀರಿ. ಆದ್ರೆ ಬಲಗಡೆ ಅಂಚಿನ ಒಂದು ಸಾಲು ಮಕ್ಕಳು ಆಚೆ ಹೋಗ್ತಾರೆ.”

“ಆಚೆ ಅಂದ್ರೆ?”

“ಕಟಿಂಗಲ್ಲಿ ಹೋಗ್ತಾರೆ.”

ದೊಡ್ಡಮೇಡಂ ನನ್ನನ್ನೇ ನೋಡಿದರು. ಆಮೇಲೆ ಧ್ವನಿ ಇಳಿಸಿ ಹೇಳಿದರು. ಕೂಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. “ಅಂಚಲ್ಲಿ ನಿಂತವರನ್ನ ಕತ್ತರಿಸೋದು ನಿಮಗೇನು ಹೊಸದಾ ಪ್ರೆಸ್ಸಮ್ಮ? ನನ್ನನ್ನೇ ಏಳು ವರ್ಷ ಕತ್ತರಿಸಿದ್ದೀರಿ.”

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಅಡುಗೆಗೆ ಹೆಸರಿಡಲಿ, ನನ್ನ ಬಾಯಿಗೆ ಹೆಸರಿಡಲಿ, ಬೇಕಾದಷ್ಟು ಜನ ಇಟ್ಟಿದ್ದಾರೆ. ನನ್ನ ಕಟಿಂಗಿಗೆ ಯಾರೂ ಹೆಸರಿಟ್ಟಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದವಳನ್ನು ಹದಿನೆಂಟನೇ ವಯಸ್ಸಿಗೆ ಅಪ್ಪ ತನ್ನದೇ ಆದ ಈ ಪ್ರೆಸ್ಸಿಗೆ ಕರೆತಂದ. “ಅಕ್ಷರ ಜೋಡಿಸೋಕೆ ನಿನ್ನ ಕಾಗುಣಿತ ಸಾಲದು, ಕತ್ತರಿಸು” ಎಂದು ಕಟಿಂಗ್ ಮಷೀನಿನ ಮುಂದೆ ನಿಲ್ಲಿಸಿದ. ಅಂದಿನಿಂದ ಇಂದಿನವರೆಗೆ ಒಂದು ಕೂದಲು ಆಚೀಚೆ ಆದದ್ದಿಲ್ಲ.

“ಮೂವತ್ತು ವರ್ಷ!” ಎಂದೆ. “ಮೂವತ್ತು ವರ್ಷದಿಂದ ಈ ಕೈ ತಪ್ಪಿಲ್ಲ. ಬಾಯಿಗೆ ಬಂದ ಹಾಗೆ ಮಾತಾಡಬೇಡಿ.”

“ಹಳೇ ಪುಸ್ತಕ ಇಟ್ಟಿದ್ದೀರಾ?”

“ಇಡದೆ? ಒಂದೊಂದು ವರ್ಷದ್ದೂ ಒಂದೊಂದು ಪ್ರತಿ ಇದೆ.”

“ತೆಗೀರಿ ಮತ್ತೆ.”

ತೆಗೆದೆ. ಕಬ್ಬಿಣದ ಕಪಾಟಿನ ಕೆಳಗಿನ ಅರೆಯಿಂದ, ಮೇಡಂ ಶಾಲೆಗೆ ಸೇರಿದ ವರ್ಷದಿಂದ ಹಿಡಿದು ಏಳು ಪುಸ್ತಕ ಎಳೆದು ಮೇಜಿನ ಮೇಲೆ ಸಾಲಾಗಿ ಹಾಕಿದೆ, ಇಸ್ಪೀಟು ಎಲೆ ಬಿಸಾಡಿದ ಹಾಗೆ. ಆಗ ಶಾಲೆ ಚಿಕ್ಕದು, ಹನ್ನೆರಡು ಜನ ಮೇಷ್ಟ್ರು. ಅವರ ಗ್ರೂಪ್ ಫೋಟೋವನ್ನೇ ಮುಖಪುಟದ ತುಂಬ ಹಾಕುತ್ತಿದ್ದರು. ನಡುವೆ ಹೆಡ್‌ಮೇಷ್ಟ್ರು, ಅಲ್ಲಿಂದ ಎರಡೂ ಕಡೆಗೆ ಸರ್ವೀಸು ಕಡಿಮೆಯಾಗುತ್ತಾ ಹೋಗಬೇಕು. ಕೊನೆಗೆ ಸೇರಿದವರು ಬಲಗಡೆಯ ಕೊನೆಗೆ. ಈ ಮೇಡಂ ಸೇರಿದ ಮೇಲೆ ಏಳು ವರ್ಷ ಶಾಲೆಗೆ ಹೊಸಬರು ಬರಲಿಲ್ಲ. ಏಳು ವರ್ಷವೂ ಅವರೇ ಬಲಗಡೆಯ ಕೊನೆ.

ಮೊದಲನೇ ಪುಸ್ತಕದಲ್ಲಿ ಒಂದು ಕಿವಿ, ಅರ್ಧ ಕೆನ್ನೆ. ಎರಡನೆಯದರಲ್ಲಿ ಮೊಣಕೈ. ಮೂರನೆಯದರಲ್ಲಿ ಆ ಕೊನೆಯಲ್ಲಿ ಮನುಷ್ಯರೇ ಇಲ್ಲ, ನೆಲದ ಮೇಲೆ ನೆರಳು ಮಾತ್ರ. ನಾಲ್ಕನೆಯದರಲ್ಲಿ ಪಕ್ಕದ ಹೊಲಿಗೆ ಟೀಚರ್ ಭುಜದ ಮೇಲೆ ಒಂದು ಕೈ. ಬರೀ ಕೈ.

ಡ್ರಾಯಿಂಗ್ ಮೇಷ್ಟ್ರು ಸ್ಟೂಲಿನಿಂದ ಎದ್ದೇ ಬಿಟ್ಟರು. “ಅಯ್ಯೋ, ಆ ಕೈ ನಿಮ್ಮದಾ ಮೇಡಂ? ಇಷ್ಟು ವರ್ಷ ನಾನು ಮಕ್ಕಳಿಗೆ ಅದು ಶಾಲೆಯ ದೆವ್ವದ ಕೈ ಅಂತ ಹೇಳ್ಕೊಂಡು ಬಂದಿದ್ದೀನಿ!”

“ಗೊತ್ತು. ನನ್ನ ಕ್ಲಾಸಲ್ಲೂ ಬಂದು ಹೇಳಿದ್ರಲ್ಲ. ನಾನೇ ಹೆದರಿದವಳ ಹಾಗೆ ನಟನೆ ಮಾಡಿದೆ.”

ಐದನೇ ವರ್ಷ ಅವರು ಬುದ್ಧಿ ಉಪಯೋಗಿಸಿ ಒಳಕ್ಕೆ ಬಾಗಿದ್ದರು. ಹಣೆ, ಮೂಗು, ಎರಡು ಹಲ್ಲು ಬಂದಿದ್ದವು. ಆರು ಏಳು ನೋಡಲು ನನಗೆ ಧೈರ್ಯ ಸಾಲಲಿಲ್ಲ, ಮಗುಚಿ ಇಟ್ಟೆ.

“ಮೊದಲನೇ ವರ್ಷ ಪುಸ್ತಕ ಬರುತ್ತೆ ಅಂತ ಊರಿಗೆ ಕಾಗದ ಬರೆದಿದ್ದೆ” ಎಂದರು ದೊಡ್ಡಮೇಡಂ. “ನಮ್ಮಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದ್ಲಂತೆ. ನಿನ್ನ ಮಗಳೆಲ್ಲಿ ಅಂತ ಕೇಳಿದ್ರೆ ಏನು ತೋರಿಸ್ತಾಳೆ? ಈ ಕಿವಿ ತೋರಿಸಿದ್ಲಂತೆ. ಓಲೆಯಿಂದ ಗುರುತು ಹಿಡಿದ್ಲು, ಪಾಪ.”

ಹೇಳುತ್ತಾ ಅವರಿಗೇ ನಗು ಬಂತು. ನನಗೂ ಬಂತು, ತಡೆದುಕೊಂಡೆ.

“ಆಮೇಲೆ ಹೊಸಬರು ಬಂದ್ರು, ನಾನು ನಡುವಿನ ಕಡೆ ಸರೀತಾ ಬಂದೆ. ಅಷ್ಟೊತ್ತಿಗೆ ಗ್ರೂಪ್ ಫೋಟೋನೇ ನಿಲ್ಲಿಸಿಬಿಟ್ರು. ಮುಖಪುಟಕ್ಕೆ ಬರೀ ಕಟ್ಟಡ, ಗಿಡ, ಗ್ಲೋಬು. ಈ ವರ್ಷ ನಾನೇ ಹೆಡ್ಡು, ನಾನೇ ಫೋಟೋ ಹಾಕಿ ಅಂದೆ. ಮುಂದಿನ ತಿಂಗಳು ರಿಟೈರ್ ಆಗ್ತೀನಿ. ಇದೇ ಕೊನೇ ಪುಸ್ತಕ. ಒಂದು ಸಲ ನನ್ನ ಮುಖ ಪೂರ್ತಿ ಬರಬೇಕು, ಅಷ್ಟೇ. ಬಾಯಿ ಬಿಟ್ಟು ಹೇಳಿದ್ದೀನಿ, ನಗೋರು ನಗಿ.”

ಯಾರೂ ನಗಲಿಲ್ಲ. ಒಳಗೆ ಮಷೀನ್ ಕೂಡ ಯಾವಾಗಲೋ ನಿಂತಿತ್ತು.

ನಾನು ಸ್ಕೇಲು ತೆಗೆದುಕೊಂಡು ಏಳೂ ಪುಸ್ತಕ ಅಳೆದೆ. ಅಳತೆ ಸರಿಯಾಗಿಯೇ ಇತ್ತು. ಎಲ್ಲಾ ಒಂದೇ ಅಳತೆ. ಹಾಗಾದರೆ ಮೇಡಂ ಎಲ್ಲಿ ಹೋದರು? ಸೋದರಮಾವನ ಮಗನಿಗೆ ಫೋನ್ ಮಾಡಿ, ಅವರಪ್ಪನ ಕಾಲದ ಫೋಟೋ ಡಬ್ಬ ತೆಗೆದುಕೊಂಡು ಬಾ ಎಂದೆ. ಅವನ ಸ್ಟುಡಿಯೋ ಮೂರು ಅಂಗಡಿ ಆಚೆ. ಫೋಟೋ ಒತ್ತುವ ಮುಂಚೆ ಚಿಟಿಕೆ ಹೊಡೆಯುವ ಚಟ ಇರುವುದರಿಂದ ಅವನನ್ನು ಊರೆಲ್ಲ ಚಿಟಿಕೆ ಎಂದೇ ಕರೆಯುವುದು. ಬಂದ. ಬಿಸ್ಕತ್ತಿನ ಡಬ್ಬ ತೆರೆದು, ಹುಡುಕಿ, ಮೊದಲನೇ ವರ್ಷದ ಮೂಲ ಫೋಟೋ ಮೇಜಿನ ಮೇಲಿಟ್ಟ.

ಅದರಲ್ಲಿ ಮೇಡಂ ಪೂರ್ತಿ ಇದ್ದರು. ಎರಡು ಕಿವಿ, ಎರಡು ಕೈ, ಬಾಯ್ತುಂಬ ನಗು. ಆದರೆ ಅವರ ತೋಳಿಗೂ ಫೋಟೋದ ಅಂಚಿಗೂ ನಡುವೆ ಒಂದು ದಾರ ಹೋಗುವಷ್ಟು ಜಾಗ ಇರಲಿಲ್ಲ.

ಚಿಟಿಕೆ ನನ್ನ ಮುಖ ನೋಡಿದ. “ಅಕ್ಕಾ, ಕಾಲಿಂಚು ಬಿಟ್ಟಿಲ್ಲ.”

“ಕಾಣ್ತಿದೆ ಬಿಡೋ.”

ನಮ್ಮ ಕಸುಬಿನಲ್ಲಿ ಇದು ಮೊದಲನೇ ಪಾಠ. ಪಿನ್ನು ಹೊಡೆದ ಮೇಲೆ ಪುಸ್ತಕದ ಮೂರು ಕಡೆ ಅಂಚು ಕತ್ತರಿಸಿ ಸಮ ಮಾಡುತ್ತೇವೆ, ಕಾಲಿಂಚಿನಷ್ಟು. ಬೆನ್ನಿನ ಕಡೆ ಕತ್ತಿ ಬೀಳುವುದಿಲ್ಲ, ಹಾಗಾಗಿ ಎಡಗಡೆ ಕೊನೆಯಲ್ಲಿ ನಿಂತವರು ಬಚಾವು. ಬಲಗಡೆ ಕೊನೆಯವರು ಕತ್ತಿಯ ಬಾಯಿಗೆ. ಅದಕ್ಕೇ ಫೋಟೋ ತೆಗೆಯುವಾಗ ಅಂಚಿನಲ್ಲಿ ಖಾಲಿ ಜಾಗ ಬಿಡಬೇಕು. ಇದನ್ನು ಪ್ರೆಸ್ಸಿನವರು ಫೋಟೋದವರಿಗೆ ಹೇಳಬೇಕು. ನಮ್ಮಪ್ಪ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ ಅಪ್ಪನಿಗೂ ಸೋದರಮಾವನಿಗೂ ಒಂದು ಸೈಕಲ್ಲಿನ ವಿಷಯಕ್ಕೆ ಮಾತು ಬಿಟ್ಟಿತ್ತು. ಒಬ್ಬರನ್ನು ಕಂಡರೆ ಒಬ್ಬರಿಗೆ ಎಣ್ಣೆ ಸೀಗೆಕಾಯಿ. ಫೋಟೋ ನಮ್ಮಮ್ಮನ ಕೈಯಲ್ಲಿ ತವರಿನಿಂದ ಪ್ರೆಸ್ಸಿಗೆ ಬರುತ್ತಿತ್ತು, ಕಾಲಿಂಚಿನ ಮಾತು ಮಾತ್ರ ಪ್ರೆಸ್ಸಿನಿಂದ ತವರಿಗೆ ಹೋಗುತ್ತಿರಲಿಲ್ಲ. “ಫೋಟೋದವನಿಗೆ ಬುದ್ಧಿ ಇದ್ರೆ ಜಾಗ ಬಿಡ್ತಾನೆ” ಎಂದು ಅಪ್ಪ. “ಪ್ರೆಸ್ಸಿನವನಿಗೆ ಕಣ್ಣಿದ್ರೆ ನೋಡಿ ಕತ್ತರಿಸ್ತಾನೆ” ಎಂದು ಮಾವ. ಇಬ್ಬರ ಹಟದ ನಡುವೆ ಸಿಕ್ಕಿದ್ದು ಈ ಮೇಡಂ ಕಿವಿ.

ಕತ್ತಿ ಹಿಡಿದವಳು ನಾನು. ಸ್ಕೇಲು ನೋಡಿದೆ, ಮುಖ ನೋಡಲಿಲ್ಲ. ಏಳು ವರ್ಷ.

“ತಪ್ಪು ನಂದೇ” ಎಂದೆ.

“ಏನಂದ್ರಿ? ಮಷೀನ್ ಸದ್ದಲ್ಲಿ ಕೇಳಿಸಲಿಲ್ಲ” ಎಂದರು ದೊಡ್ಡಮೇಡಂ. ಮಷೀನ್ ನಿಂತು ಕಾಲು ಗಂಟೆಯಾಗಿತ್ತು.

“ತಪ್ಪು ನಂದು ಅಂದೆ! ಊರಿಗೆಲ್ಲ ಕೇಳೋ ಹಾಗೆ ಇನ್ನೊಂದ್ಸಲ ಹೇಳ್ಲಾ?”

“ಸಾಕು, ಸಾಕು. ಕೂತ್ಕೊಳ್ಳಿ.”

ಹಾಳಾದ ಡಮ್ಮಿಯ ಹಿಂದೆಯೇ ಹೊಸ ನಕ್ಷೆ ಬರೆದೆವು. ನಾಳೆ ಬೆಳಿಗ್ಗೆ ಎಂಟಕ್ಕೆ ಮತ್ತೆ ಫೋಟೋ. ಮಡಿಕೆಯ ಜಾಗದಲ್ಲಿ ಯಾರೂ ಇರಕೂಡದು. ಡ್ರಾಯಿಂಗ್ ಮೇಷ್ಟ್ರು ಬಲಗಡೆ ಅರ್ಧದ ನಡುವೆ ಒಂದು ಕುರ್ಚಿ ಬರೆದು, ಅದರ ಮೇಲೆ ಪುಟ್ಟ ಕಿರೀಟವನ್ನೂ ಬರೆದರು. “ಇದು ನಿಮ್ಮ ಜಾಗ ಮೇಡಂ. ಮುಖಪುಟದ ನಟ್ಟನಡುವೆ.”

ದೊಡ್ಡಮೇಡಂ ಪೆನ್ಸಿಲ್ ಕಸಿದುಕೊಂಡು ಕಿರೀಟವನ್ನು ಹೊಡೆದು ಹಾಕಿದರು. ಬಲಗಡೆಯ ಕೊನೆಯ ಗೆರೆಗೆ ತಾಗಿಸಿ ಒಂದು ಸೊನ್ನೆ ಸುತ್ತಿದರು.

“ನಾನಿಲ್ಲಿ ನಿಲ್ತೀನಿ.”

“ಅಲ್ಯಾಕೆ ಮೇಡಂ?” ಎಂದೆ.

“ನನ್ನ ಹಳೇ ಜಾಗ. ಈ ಸಲ ಕತ್ತರಿಸಿ, ನೋಡೋಣ.”

“ಬೇಡ ಮೇಡಂ. ಐನೂರು ಪುಸ್ತಕ. ಕಟ್ಟಲ್ಲಿ ಪೇಪರ್ ಜರುಗುತ್ತೆ, ಒಂದೆರಡು ಎಳೆ ಆಚೀಚೆ ಆಗಬಹುದು. ನಡುವೆ ನಿಂತ್ರೆ ನಿಮಗೂ ನೆಮ್ಮದಿ, ನನಗೂ ನೆಮ್ಮದಿ.”

“ಮೂವತ್ತು ವರ್ಷದಿಂದ ಕೈ ತಪ್ಪಿಲ್ಲ ಅಂದ್ರಲ್ಲ? ಅರ್ಧ ಗಂಟೆ ಕೂಡ ಆಗಿಲ್ಲ ಹೇಳಿ.”

ಅಲ್ಲಿಯವರೆಗೆ ಒಂದು ಮಾತೂ ಆಡದ ನಮ್ಮ ಯಜಮಾನರು ಒಳಗಿನಿಂದ ಹೇಳಿದರು, “ಸಿಕ್ಕಿಬಿದ್ಯಲ್ಲೇ.”

ಗುರುವಾರ ಬೆಳಿಗ್ಗೆ ಶಾಲೆಯ ಅಂಗಳಕ್ಕೆ ನಾನೇ ಹೋದೆ. ಯಾರನ್ನೂ ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ಚಿಟಿಕೆ ಎರಡನೇ ಮಹಡಿಯ ಕಟ್ಟೆಗೆ ಕ್ಯಾಮೆರಾ ಇಟ್ಟುಕೊಂಡು ಕೂಗುತ್ತಿದ್ದ. ಎಡಕ್ಕೆ ಎಂದರೆ ಇನ್ನೂರು ಮಕ್ಕಳು ಅವರ ಎಡಕ್ಕೆ ಹೋಗುತ್ತಿದ್ದರು, ಇನ್ನೂರು ಅವನ ಎಡಕ್ಕೆ, ನಡುವೆ ಡಿಕ್ಕಿ. ನಾನು ಸೀಮೆಸುಣ್ಣದಲ್ಲಿ ಅಂಗಳದ ನಡುವೆ ಗೆರೆ ಎಳೆದು, ಈ ಗೆರೆ ದಾಟಿದವರ ಮೂಗಿಗೆ ಪಿನ್ನು ಬೀಳುತ್ತದೆ ಎಂದೆ. ಆಮೇಲೆ ದಾಟದೆ ಇದ್ದ ಮಗು ಒಂದೂ ಉಳಿಯಲಿಲ್ಲ. ಹಾರುವುದೇ ಆಟವಾಯಿತು. ಕೊನೆಗೆ ಡ್ರಿಲ್ ಮೇಷ್ಟ್ರು ವಾಲಿಬಾಲ್ ನೆಟ್ಟಿನ ಕಂಬವನ್ನು ಹೆಗಲ ಮೇಲೆ ಹೊತ್ತು ತಂದು ಗೆರೆಯ ಮೇಲೆ ನೆಟ್ಟರು.

“ಇದಕ್ಕೆ ಮೂಗಿಲ್ಲ ಪ್ರೆಸ್ಸಮ್ಮ” ಎಂದರು. “ಎಷ್ಟು ಪಿನ್ನು ಬೇಕಾದ್ರೂ ಹೊಡ್ಕೊಳ್ಳಿ.”

ಆಮೇಲೆ ಬಲಗಡೆಯ ಕೊನೆ. ಮುಖಪುಟದ ಕಾಲಿಂಚು ಅಂದರೆ ಅಂಗಳದಲ್ಲಿ ಎಷ್ಟು? ಚಿಟಿಕೆ ಮೇಲಿನಿಂದ ಲೆಕ್ಕ ಹಾಕಿ, ಒಂದು ಮೊಳ ಎಂದ. ನಾನು ಒಂದೂವರೆ ಮೊಳ ಅಳೆದು, ಒಂದು ಇಟ್ಟಿಗೆ ತಂದಿಟ್ಟೆ. ದೊಡ್ಡಮೇಡಂ ಇಟ್ಟಿಗೆಯ ಈಚೆ ನಿಂತರು. ನಾನು ಬೆನ್ನು ತಿರುಗಿಸಿದೊಡನೆ ಒಂದು ಹೆಜ್ಜೆ ಇಟ್ಟಿಗೆಯ ಕಡೆಗೆ ಸರಿದರು.

“ಮೇಡಂ, ಒಳಗೆ ಬನ್ನಿ.”

ಬಂದರು. ನಾನು ತಿರುಗಿದೆ. ಮತ್ತೆ ಸರಿದರು.

“ಮೇಡಂ!”

“ಯಾಕೆ, ಕೈ ನಡುಗುತ್ತಾ?”

“ಕೈ ನಡುಗಲ್ಲ, ತಲೆ ಚಿಟ್ಟು ಹಿಡೀತಿದೆ! ಅರವತ್ತು ವರ್ಷ ಆಯ್ತು, ನಿಂತ ಕಡೆ ನಿಲ್ಲೋಕೆ ಬರಲ್ವಾ? ಒಂದನೇ ಕ್ಲಾಸಿನ ಮಕ್ಕಳೇ ವಾಸಿ!”

ದೊಡ್ಡಮೇಡಂಗೆ ಯಾರಾದರೂ ಬೈಯುವುದನ್ನು ಆ ಮಕ್ಕಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನಾನೂರು ಮಕ್ಕಳೂ ಒಟ್ಟಿಗೆ ನಕ್ಕರು. ಹದಿನಾರು ಮೇಷ್ಟ್ರುಗಳಲ್ಲಿ ಹದಿನೈದು ಜನ ನಗು ತಡೆದುಕೊಂಡರು, ದೊಡ್ಡಮೇಡಂ ಮಾತ್ರ ತಡೆದುಕೊಳ್ಳಲಿಲ್ಲ. ಮೇಲಿನಿಂದ ಚಿಟಿಕೆಯ ಸದ್ದು ಒಂದರ ಹಿಂದೆ ಒಂದು ಕೇಳಿಸಿತು.

ಹನ್ನೊಂದು ಫೋಟೋ. ಮಧ್ಯಾಹ್ನ ಸ್ಟುಡಿಯೋದ ಕಂಪ್ಯೂಟರ್ ಮುಂದೆ ನಾಲ್ಕು ತಲೆಗಳು ಕೂಡಿದವು. ನನ್ನದು, ಚಿಟಿಕೆಯದು, ಡ್ರಾಯಿಂಗ್ ಮೇಷ್ಟ್ರದು, ದೊಡ್ಡಮೇಡಂ ಅವರದು. ಎರಡನೆಯದರಲ್ಲಿ ಒಂದು ನಾಯಿ ಬಂದು ಕಂಬದ ಬುಡ ಮೂಸುತ್ತಿತ್ತು, ಮುಂದಿನದರಲ್ಲಿ ಅದು ಮಾಡಿದ್ದನ್ನು ಮುಖಪುಟಕ್ಕೆ ಹಾಕುವ ಹಾಗಿರಲಿಲ್ಲ. ಐದರಲ್ಲಿ ಆರನೇ ಕ್ಲಾಸಿನ ಸಾಲಿಗೆ ಸಾಲೇ ಆಕಾಶ ನೋಡುತ್ತಿತ್ತು. ಏಳು ಪರವಾಗಿಲ್ಲ, ಆದರೆ ನಾನು ಅಂಚಿನಲ್ಲಿ ಇಟ್ಟಿಗೆ ಸರಿ ಮಾಡುತ್ತಾ ಬಗ್ಗಿದ್ದು ಬಂದಿತ್ತು, ಅದೂ ಹಿಂದಿನಿಂದ. ಅದನ್ನು ನಾನೇ ಅಳಿಸಿ ಹಾಕಿಸಿದೆ. ಡ್ರಾಯಿಂಗ್ ಮೇಷ್ಟ್ರಿಗೆ ಹತ್ತನೆಯದು ಇಷ್ಟ. ಬೆಳಕು, ನೆರಳು, ಸಾಲುಗಳ ಓಟ ಎಂದು ಐದು ನಿಮಿಷ ವಿವರಿಸಿದರು.

“ಒಂಬತ್ತು” ಎಂದರು ದೊಡ್ಡಮೇಡಂ.

ಒಂಬತ್ತರಲ್ಲಿ ಅವರು ಇಟ್ಟಿಗೆಯ ಪಕ್ಕ ಸೊಂಟದ ಮೇಲೆ ಕೈ ಇಟ್ಟು, ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದರು. ಮುಖ ಪೂರ್ತಿ ಬಂದಿತ್ತು. ಹತ್ತರಲ್ಲಿ ಆ ನಗು ಮುಗಿದು ಮೂಗು ಒರೆಸಿಕೊಳ್ಳುತ್ತಿದ್ದರು.

“ಒಂಬತ್ತರಲ್ಲಿ ನನ್ನ ಕಣ್ಣು ಮುಚ್ಚಿದೆ ಮೇಡಂ” ಎಂದರು ಡ್ರಾಯಿಂಗ್ ಮೇಷ್ಟ್ರು ಸಣ್ಣ ಧ್ವನಿಯಲ್ಲಿ.

“ಮುಚ್ಚಿದ್ರೆ ಏನೀಗ? ಕ್ಲಾಸಲ್ಲಿ ತೆರೆದಿರುತ್ತಾ? ಮಕ್ಕಳಿಗೆ ಗುರುತು ಸಿಗೋದೇ ಹಾಗೆ.”

“ಹತ್ತರಲ್ಲಿ ಕಂಪೋಸಿಷನ್…”

“ಮೇಷ್ಟ್ರೇ, ನನ್ನ ಮುಖ ಚೆನ್ನಾಗಿ ಬಂದಿರೋದು ಒಂಬತ್ತರಲ್ಲಿ. ಬೇರೆ ಕಾರಣ ಇಲ್ಲ, ಹುಡುಕಬೇಡಿ.”

ಇಷ್ಟು ನೇರವಾಗಿ ಮಾತಾಡುವವರ ಜೊತೆ ನಾನು ಮೂವತ್ತು ವರ್ಷ ಜಗಳ ಮಾತ್ರ ಆಡಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. ಒಂಬತ್ತು ಎಂದು ನಾನೂ ಕೈ ಎತ್ತಿದೆ. ಮೇಷ್ಟ್ರು ಸೋತರು.

ಅವತ್ತು ಸಂಜೆ ಅಚ್ಚಿನ ಪ್ಲೇಟ್ ತಯಾರಾಯಿತು, ಶುಕ್ರವಾರ ಬೆಳಿಗ್ಗೆ ಅಚ್ಚಾಯಿತು. ಹೊದಿಕೆ ಒಣಗಿ, ಮಡಚಿ, ಪಿನ್ನು ಹೊಡೆಯುವ ಹೊತ್ತಿಗೆ ಮಧ್ಯಾಹ್ನ ಮೂರು. ಎರಡೂ ಪಿನ್ನು ವಾಲಿಬಾಲ್ ಕಂಬಕ್ಕೇ ಬಿದ್ದಿದ್ದವು, ಯಾರಿಗೂ ನೋವಿಲ್ಲ. ದೊಡ್ಡಮೇಡಂ ಶಾಲೆ ಬಿಟ್ಟು ನೇರ ಪ್ರೆಸ್ಸಿಗೆ ಬಂದರು, ಹಿಂದೆ ಡ್ರಾಯಿಂಗ್ ಮೇಷ್ಟ್ರು. ಕಟಿಂಗ್ ಮಷೀನಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಟ್ಟೆ. ಕೂರಲಿಲ್ಲ.

“ಮೊದಲು ಒಂದೇ ಪುಸ್ತಕ” ಎಂದೆ. “ನೀವು ನೋಡಿ ಸರಿ ಅಂತ ಬರೆದು ಸಹಿ ಹಾಕಿ. ಆಮೇಲೆ ಮಿಕ್ಕಿದ್ದಕ್ಕೆ ಕತ್ತಿ.”

“ಹೂಂ, ಹೊಡೀರಿ.”

ಪುಸ್ತಕವನ್ನು ಮಷೀನಿನ ಮೂಲೆಗೆ ಕೂರಿಸಿದೆ. ಸ್ಕೇಲು ನೋಡಿದೆ. ಆಮೇಲೆ ಮುಖ ನೋಡಿದೆ. ಮತ್ತೆ ಸ್ಕೇಲು. ಚಕ್ರ ತಿರುಗಿಸಿ ಒತ್ತುಹಲಗೆ ಇಳಿಸಿದೆ, ಸಮಾಧಾನವಾಗದೆ ಎತ್ತಿ ಇನ್ನೊಮ್ಮೆ ಕೂರಿಸಿದೆ. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಮೂವತ್ತು ವರ್ಷದಲ್ಲಿ ಎಷ್ಟು ಲಕ್ಷ ಹಾಳೆ ಕತ್ತರಿಸಿದ್ದೇನೋ, ಒಂದು ಪುಸ್ತಕಕ್ಕೆ ಹೀಗೆ ಒದ್ದಾಡಿದ್ದು ಇಲ್ಲ.

“ನಾನು ಬೇಕಾದ್ರೆ…” ಎಂದರು ನಮ್ಮ ಯಜಮಾನರು.

“ಸುಮ್ನಿರಿ ನೀವು!”

ಕತ್ತಿ ಇಳಿಯಿತು. ಅಂಚಿನ ಸಣ್ಣ ಪಟ್ಟಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಮೊದಲು ಆ ಪಟ್ಟಿಯನ್ನೇ ಎತ್ತಿ ನೋಡಿದೆ. ಬರೀ ಗೋಡೆ, ಮತ್ತೆ ಕೆಳಗೆ ಒಂದು ಚೂರು ಇಟ್ಟಿಗೆ. ಮನುಷ್ಯರ ಗುರುತೇ ಇಲ್ಲ. ಮಿಕ್ಕ ಎರಡು ಬದಿ ಕತ್ತರಿಸಿ, ಪುಸ್ತಕವನ್ನು ಸೆರಗಿನಲ್ಲಿ ಒರೆಸಿ ಅವರ ಕೈಗೆ ಕೊಟ್ಟೆ.

ದೊಡ್ಡಮೇಡಂ ಕನ್ನಡಕ ಹಾಕಿಕೊಂಡರು. ಬೆರಳಿನಿಂದ ತಮ್ಮ ಒಂದು ಕಿವಿ ಮುಟ್ಟಿದರು, ಇನ್ನೊಂದು ಕಿವಿ ಮುಟ್ಟಿದರು. ಭುಜ, ಮೊಣಕೈ, ಅದರಾಚೆ ಒಂದು ಬೆರಳಿನಷ್ಟು ಗೋಡೆ. ಆ ಗೋಡೆಯ ಮೇಲೆ ಬೆರಳು ಹಾಗೇ ನಿಂತಿತು. ಏನಾದರೂ ಹೇಳುತ್ತಾರೆ ಎಂದು ಕಾದೆ. ಹೇಳದಿದ್ದರೆ ಬೈಯಬೇಕು ಎಂದೂ ಅಂದುಕೊಂಡೆ.

“ಎರಡೇ ನಿಮಿಷ, ಬಂದೆ” ಎಂದರು.

ಪುಸ್ತಕ ಎದೆಗೆ ಒತ್ತಿಕೊಂಡು ಹೊರಟೇಬಿಟ್ಟರು. ಸಹಿ ಹಾಕಬೇಕಾದ ಚೀಟಿ ಮೇಜಿನ ಮೇಲೇ ಉಳಿಯಿತು. ನಾವು ಮೂವರೂ ಬಾಗಿಲಿಗೆ ಬಂದು ನಿಂತೆವು. ಅವರು ಎದುರಿನ ಟೈಲರ್ ಅಂಗಡಿಗೆ ಹೋದರು. ಟೈಲರ್ ಹೊಲಿಗೆ ನಿಲ್ಲಿಸಿ ಪುಸ್ತಕ ನೋಡಿದ, ಅವರ ಮುಖ ನೋಡಿದ, ಮತ್ತೆ ಪುಸ್ತಕ ನೋಡಿ ಎರಡೂ ಕೈ ಮೇಲೆತ್ತಿ ಏನೋ ಅಂದ. ಅಲ್ಲಿಂದ ಔಷಧಿ ಅಂಗಡಿ. ಔಷಧಿಗೆ ಕಾಯುತ್ತಿದ್ದ ಇಬ್ಬರಿಗೂ ತೋರಿಸಿದ್ದು ಕಂಡಿತು, ಅವರು ಗುರುತಿನವರೋ ಅಲ್ಲವೋ ದೇವರೇ ಬಲ್ಲ. ಆಮೇಲೆ ಬಸ್ ಸ್ಟಾಪ್. ಅಲ್ಲಿ ಗುಂಪಿನ ನಡುವೆ ಪುಸ್ತಕ ಮೇಲೆದ್ದಿತು, ಕೆಳಗಿಳಿಯಿತು, ಇನ್ನೊಂದು ಕಡೆ ಮೇಲೆದ್ದಿತು. ಬಸ್ಸು ಬಂತು. ಒಳಗಿನವರಿಗೂ ಪುಸ್ತಕ ತೋರಿಸುತ್ತಾ ಹತ್ತಿದರು.

“ಅವರ ಮನೆ ಈ ಬಸ್ಸಿನ ಕಡೆ ಅಲ್ವಲ್ಲ” ಎಂದರು ಡ್ರಾಯಿಂಗ್ ಮೇಷ್ಟ್ರು.

“ಅಲ್ಲ.”

“ಸಹಿ?”

“ನೀವೇ ಹಾಕಿ. ಕಣ್ಣು ತೆರೆದುಕೊಂಡು ಹಾಕಿ.”

ಹಾಕಿದರು. ನಾನು ಒಳಗೆ ಬಂದು ಮೊದಲನೇ ಕಟ್ಟನ್ನು ಮಷೀನಿಗೆ ಕೂರಿಸಿದೆ. ಐನೂರೂ ಮುಗಿಸಿ, ಕಟ್ಟು ಕಟ್ಟಿ, ಏಳು ಗಂಟೆಗೆ ಬಾಗಿಲು ಹಾಕುವವರೆಗೂ ದೊಡ್ಡಮೇಡಂ ವಾಪಸ್ ಬರಲಿಲ್ಲ.